ಕಪ್ಪು ನಟಿ ಬಂದ ತಕ್ಷಣ ‘ಪಾತ್ರಕ್ಕೆ ಹೊಂದಲ್ಲ’ ಅನ್ನೋದು ಯಾಕೆ?

ತುಂಗಾತೀರ
ಬಹಳ ದಿನದಿಂದ ಕೊರೀತಿರೋ ಪ್ರಶ್ನೆ. ‘ದಿ ಫ್ಲ್ಯಾಶ್’ ಸೀರೀಸ್ ನೋಡಿದವರು ಇಲ್ಲಿ ತುಂಬ ಜನ ಇದ್ದೀರಿ. ಐರಿಸ್ ವೆಸ್ಟ್ ಅಂದ್ರೆ ಅಷ್ಟೊಂದು ಜನಕ್ಕೆ ಯಾಕೆ ಆಗಲ್ಲ?

ಕಾಮಿಕ್ಸ್‌ನಲ್ಲಿ ಐರಿಸ್ 1956ರಿಂದ ಇದ್ದಾಳೆ. ಬ್ಯಾರಿ ಆಲನ್, ಅಂದ್ರೆ ಫ್ಲ್ಯಾಶ್ ಅನ್ನೋ ಸೂಪರ್‌ಹೀರೋನ ಪ್ರೇಯಸಿ, ಆಮೇಲೆ ಹೆಂಡತಿ. ನಾಯಕಿ ಯಾರು ಅನ್ನೋದರಲ್ಲಿ ಗುಟ್ಟೇನೂ ಇರಲಿಲ್ಲ. 2014ರಲ್ಲಿ ಆ ಪಾತ್ರಕ್ಕೆ ಕ್ಯಾಂಡಿಸ್ ಪ್ಯಾಟನ್ ಬಂದರು, ಕಪ್ಪು ನಟಿ. ಅಲ್ಲಿಂದ ಶುರು. ಬೋರು, ಸ್ವಾರ್ಥಿ, ಕೆಲಸಕ್ಕೆ ಬಾರದವಳು, ಬ್ಯಾರಿಗೆ ಕೇಟ್ಲಿನ್ನೇ ಸರಿ. ಕೇಟ್ಲಿನ್ ಲ್ಯಾಬಿನಲ್ಲಿ ಬ್ಯಾರಿ ಜೊತೆ ಕೆಲಸ ಮಾಡೋ ಬಿಳಿ ಹುಡುಗಿ. ಕಥೆ ಅವರಿಬ್ಬರನ್ನ ಸ್ನೇಹಿತರಾಗೇ ಇಟ್ಟಿದೆ, ಆದ್ರೂ ಆ ಜೋಡಿಗೆ ಒಂದು ಹೆಸರು, ಸಾವಿರಾರು ವಿಡಿಯೋ.

ಬ್ಯಾರಿ ಎಲ್ಲರಿಂದ ಗುಟ್ಟು ಮುಚ್ಚಿಡ್ತಾನೆ, ಕಾಲದಲ್ಲಿ ಹಿಂದಕ್ಕೆ ಓಡಿ ಎಲ್ಲರ ಬದುಕು ಬುಡಮೇಲು ಮಾಡ್ತಾನೆ, ಅವನಿಗೆ ಕ್ಷಮೆ ಇದೆ. ‘ನನ್ನ ಹತ್ರ ಯಾಕೆ ಹೇಳಲಿಲ್ಲ’ ಅಂತ ಐರಿಸ್ ಬೇಜಾರು ಮಾಡಿಕೊಂಡ್ರೆ ಮಾತ್ರ ಅಹಂಕಾರಿ.

ಪ್ಯಾಟನ್ 2022ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಹೇಳಿದ್ದು ಕೇಳಿ ಹೊಟ್ಟೆ ಉರೀತು. ಎರಡನೇ ಸೀಸನ್ ಹೊತ್ತಿಗೇ ಬಿಟ್ಟು ಹೋಗೋಣ ಅನ್ನಿಸಿತ್ತಂತೆ. ಜನ ಬಣ್ಣ ಹಿಡಿದು ಬೈತಿದ್ದಾಗ ಚಾನೆಲ್‌ನವರಾಗಲಿ ನಿರ್ಮಾಪಕರಾಗಲಿ ಬೆನ್ನಿಗೆ ನಿಲ್ಲಲಿಲ್ಲವಂತೆ. ಆದ್ರೂ 2023ರವರೆಗೆ, ಒಂಬತ್ತೂ ಸೀಸನ್ ಮಾಡಿದ್ರು.

ನೀವೇನು ಅಂತೀರಿ? ಇದು ನಿಜವಾಗಿ ‘ಪಾತ್ರ ಇಷ್ಟ ಆಗ್ಲಿಲ್ಲ’ ಅನ್ನೋ ವಿಷಯಾನಾ?

ಹಳೇಕಾಮಿಕ್ಸ್
ನಾನು ಒಪ್ಪಲ್ಲ. ಐವತ್ತು ವರ್ಷ ಬಿಳಿ ಹುಡುಗಿಯಾಗಿ ಬರೆದ ಪಾತ್ರನ ಬದಲಾಯಿಸಿದ್ರೆ ಓದುಗರಿಗೆ ಕಸಿವಿಸಿ ಆಗೇ ಆಗತ್ತೆ. ಮೂಲಕ್ಕೆ ನಿಷ್ಠೆ ಬೇಕು ಅನ್ನೋದನ್ನೆಲ್ಲ ವರ್ಣದ್ವೇಷ ಅಂದ್ರೆ ಹೇಗೆ? ಬೈಯೋರು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಷ್ಟ ಆಗದೇ ಇರೋರನ್ನೆಲ್ಲ ಅದೇ ಸಾಲಿಗೆ ಸೇರಿಸಬೇಡಿ.

ಬರೀಫ್ಯಾನ್‌ಫಿಕ್
@ಹಳೇಕಾಮಿಕ್ಸ್ ‘ಹಂಗರ್ ಗೇಮ್ಸ್’ನ ರೂ ಅನ್ನೋ ಪಾತ್ರದ ಬಗ್ಗೆ ಏನು ಹೇಳ್ತೀರಿ ಹಾಗಾದ್ರೆ? 2008ರ ಪುಸ್ತಕದಲ್ಲೇ ಆ ಹುಡುಗಿಯ ಚರ್ಮ ಗಾಢ ಕಂದು ಅಂತ ಬರೆದಿದೆ. 2012ರಲ್ಲಿ ಸಿನಿಮಾ ಬಂತು, ಅಮಾಂಡ್ಲಾ ಸ್ಟೆನ್‌ಬರ್ಗ್ ಮಾಡಿದ್ರು. ಕಪ್ಪು ಹುಡುಗಿ ಅಂತ ಗೊತ್ತಾದ ಮೇಲೆ ಸತ್ತಾಗ ಅಷ್ಟು ದುಃಖ ಆಗಲಿಲ್ಲ ಅಂತ ಟ್ವಿಟರ್‌ನಲ್ಲಿ ಬರೆದರು ಜನ. ಪುಸ್ತಕ ಓದಿ ಅತ್ತವರೇ! ಆ ನಟಿಗೆ ಆಗ 13 ವರ್ಷ. ಇಲ್ಲಿ ಮೂಲ ಅವಳ ಪರವಾಗೇ ಇತ್ತಲ್ಲ?

ಹಳೇಕಾಮಿಕ್ಸ್
ಅದು ಸರಿಯಾಗಿ ಓದದವರ ತಪ್ಪು. ನಾನು ಹೇಳ್ತಿರೋದು ಬೇರೆ.

ರಾತ್ರಿಪಾಳಿ
ಸರಿಯಾಗಿ ಓದಲಿಲ್ಲ ಅನ್ನೋದೇ ವಿಷಯ ಗುರು. ಅಕ್ಷರದಲ್ಲಿ ಬರೆದಿದ್ರೂ ಕಣ್ಣು ಬಿಳಿ ಹುಡುಗಿಯನ್ನೇ ಕಲ್ಪಿಸಿಕೊಂಡಿತು. ಮುಗ್ಧೆ, ಎಲ್ಲರೂ ಕಾಪಾಡಬೇಕಾದವಳು ಅಂದ್ರೆ ಬಿಳಿ ಮುಖಾನೇ ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನು ನಿಷ್ಠೆ. ಕಾಮಿಕ್ಸ್‌ನ ವುಲ್ವರೀನ್ 5 ಅಡಿ 3 ಅಂಗುಲದ ಗಿಡ್ಡ. ಹ್ಯೂ ಜಾಕ್‌ಮನ್ 6 ಅಡಿಗೂ ಮೇಲೆ. ಮೊದಲು ಸ್ವಲ್ಪ ಗೊಣಗಿ ಆಮೇಲೆ ತಲೆ ಮೇಲೆ ಹೊತ್ತು ಮೆರೆಸಿದ್ರು. ಪುಸ್ತಕದ ಹ್ಯಾರಿ ಪಾಟರ್‌ಗೆ ಹಸಿರು ಕಣ್ಣು, ಸಿನಿಮಾದಲ್ಲಿ ನೀಲಿ. ಕಥೆಯಲ್ಲಿ ಅವನಮ್ಮನ ಕಣ್ಣು ಅನ್ನೋದು ಎಷ್ಟು ಮುಖ್ಯ! ಆದ್ರೂ ಆ ಹುಡುಗನ್ನ ಯಾರೂ ಮನೆಯಿಂದ ಹೊರಗೆ ಬರದ ಹಾಗೆ ಮಾಡಲಿಲ್ಲ.

ಮೈಸೂರ್‌ಮಲ್ಲಿಗೆ
ಹ್ಯಾರಿಯ ಗೆಳತಿ ಹರ್ಮಯೊನಿ ಗಲಾಟೆ ನೆನಪಿದೆಯಾ? ಲಂಡನ್ನಿನ ಹ್ಯಾರಿ ಪಾಟರ್ ನಾಟಕದಲ್ಲಿ ಆ ಪಾತ್ರಕ್ಕೆ ಕಪ್ಪು ನಟಿ ನೋಮಾ ಡುಮೆಜ್ವೆನಿಯನ್ನ ಆರಿಸಿದಾಗ. ಬಿಳಿ ಚರ್ಮ ಅಂತ ನಾನೆಲ್ಲೂ ನಿಗದಿ ಮಾಡಿರಲಿಲ್ಲ ಅಂತ ಲೇಖಕಿಯೇ ಹೇಳಬೇಕಾಯ್ತು. ಲೇಖಕಿ ಹೇಳಿದ ಮೇಲೂ ಕೇಳಲಿಲ್ಲ ಅಭಿಮಾನಿಗಳು, ಪುಸ್ತಕದ ಯಾವುದೋ ಪುಟದ ಯಾವುದೋ ಸಾಲು ಹುಡುಕಿ ತಂದ್ರು.

ತುಂಗಾತೀರ
ಹ್ಯಾರಿ ಪಾಟರ್ ಸಿನಿಮಾಗಳಲ್ಲೇ ಲ್ಯಾವೆಂಡರ್ ಬ್ರೌನ್ ಪಾತ್ರ ಗಮನಿಸಿ. ಮೊದಲ ಭಾಗಗಳಲ್ಲಿ ಹಿಂದೆ ಎಲ್ಲೋ ಕೂತಿರೋ ಪಾತ್ರ ಆಗಿದ್ದಾಗ ಕಪ್ಪು ಹುಡುಗಿಯರು ಮಾಡಿದ್ರು. 2009ರ ಭಾಗದಲ್ಲಿ ಹ್ಯಾರಿಯ ಗೆಳೆಯ ರಾನ್‌ನ ಪ್ರೇಯಸಿಯಾಗಿ ಮಾತು, ಮುತ್ತು ಎಲ್ಲ ಬಂದಾಗ ಬಿಳಿ ನಟಿ ಬಂದ್ರು. ಈ ಬದಲಾವಣೆಗೆ ಎಷ್ಟು ಜನ ನಿಷ್ಠೆಯ ಮಾತು ಎತ್ತಿದ್ರು?

ಹಳೇಕಾಮಿಕ್ಸ್
ಇದು ಗೊತ್ತಿರಲಿಲ್ಲ. ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ. ಐರಿಸ್ ವಿಷಯಕ್ಕೇ ಬರೋಣ. ಅವಳೂ ಬ್ಯಾರಿಯೂ ಒಂದೇ ಮನೆಯಲ್ಲಿ ಬೆಳೆದವರು, ಅಣ್ಣ ತಂಗಿ ಥರ. ಅದು ಮುಜುಗರ ಅಲ್ವಾ? ಇದಕ್ಕೂ ಬಣ್ಣಕ್ಕೂ ಏನು ಸಂಬಂಧ?

ಬರೀಫ್ಯಾನ್‌ಫಿಕ್
ಸಾಕು ಮಗ ಅವನು, ರಕ್ತಸಂಬಂಧ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಜಾನ್ ಸ್ನೋಗೆ ಡೆನೇರಿಸ್ ಸ್ವಂತ ಅಪ್ಪನ ತಂಗಿ. ಗೊತ್ತಿದ್ದೂ ಎಷ್ಟು ಜನ ಆ ಜೋಡಿಯನ್ನ ಶಿಪ್ ಮಾಡಿದ್ರು, ಅಂದ್ರೆ ಇಬ್ಬರೂ ಒಂದಾಗ್ಲಿ ಅಂತ ಬಯಸಿದ್ರು! ಬಿಳಿ ಜೋಡಿ ಆದಾಗ ನುಂಗಿಕೊಂಡ ಮುಜುಗರ ಐರಿಸ್ ಹತ್ರ ಬಂದಾಗ ಮಾತ್ರ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳತ್ತೆ.

ಧಾರವಾಡಮಂದಿ
ನಮ್ಮ ಕಡೆ ಸೋದರಮಾವನ್ನ ಲಗ್ನಾ ಆಗೂದು ಮೊನ್ನೆ ಮೊನ್ನೆವರೆಗೂ ಇತ್ತಲ್ರೀ. ಅಂಥಾ ಊರಾಗ ಕುಂತು ‘ಒಂದೇ ಮನ್ಯಾಗ ಬೆಳದಾರ’ ಅಂತ ಅಸಹ್ಯ ಪಡೂದು ನನಗಂತೂ ತಿಳೀವಲ್ದು.

ಕರಾವಳಿಯವಳು
ಮಾರಾಯ್ರೆ, ಲಗ್ನದ ವಿಷಯಕ್ಕೆ ಹೋದರೆ ಈ ಚರ್ಚೆ ಮುಗಿಯುವುದಿಲ್ಲ. ವಾಪಸು ಬನ್ನಿ.

ಎಂಟರ್‌ಪ್ರೈಸ್66
ನಾನು ದೂರದರ್ಶನದ ಕಾಲದವನು, ‘ಸ್ಟಾರ್ ಟ್ರೆಕ್’ ಅಂದ್ರೆ ಪ್ರಾಣ. ಈ ಜಗಳಕ್ಕೆ ಬೇರು ಬಹಳ ಹಳೆಯದು ಅಂತ ಹೇಳೋಣ ಅನ್ನಿಸ್ತು.

1966ರಲ್ಲಿ ನಿಶೆಲ್ ನಿಕೋಲ್ಸ್ ಲೆಫ್ಟಿನೆಂಟ್ ಉಹುರಾ ಆದರು. ಅಮೆರಿಕದ ಟೀವಿಯಲ್ಲಿ ಕಪ್ಪು ಹೆಂಗಸು ಅಂದ್ರೆ ಹೆಚ್ಚಾಗಿ ಅಡುಗೆಯವಳು, ಆಯಾ. 1939ರ ‘ಗಾನ್ ವಿತ್ ದ ವಿಂಡ್’ಗೆ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್, ಪಾತ್ರ ಮನೆಯಾಳು. 1940ರ ಆ ಸಮಾರಂಭದಲ್ಲಿ ಅವರನ್ನ ಸಹನಟರ ಜೊತೆ ಕೂರಿಸದೆ ಗೋಡೆ ಪಕ್ಕದ ಪ್ರತ್ಯೇಕ ಮೇಜಿಗೆ ಕಳಿಸಿದ್ರು. ಅಂಥ ದೇಶದಲ್ಲಿ ಉಹುರಾ ಬಾಹ್ಯಾಕಾಶ ನೌಕೆಯ ಅಧಿಕಾರಿ. ಮೊದಲ ಸೀಸನ್ ಆದ ಮೇಲೆ ನಿಕೋಲ್ಸ್ ಬಿಟ್ಟು ರಂಗಭೂಮಿಗೆ ಹೋಗೋಣ ಅಂದುಕೊಂಡ್ರು. ಆಗ ಒಂದು ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕಿ, ನಾನು ನಿಮ್ಮ ಅಭಿಮಾನಿ, ನೀವು ಬಿಡಕೂಡದು ಅಂದರು ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ.

1977ರಿಂದ ನಾಸಾಗೆ ಮಹಿಳೆಯರನ್ನೂ ಕಪ್ಪು ಜನರನ್ನೂ ಸೇರಿಸೋ ಕೆಲಸಕ್ಕೆ ಊರೂರು ತಿರುಗಿದ್ರು. ಉಹುರಾನ ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ಮುಂದಿನ ವರ್ಷ ‘ಸ್ಟಾರ್ ಟ್ರೆಕ್’ನ ಆಗಿನ ಹೊಸ ಸರಣಿಯ ಒಂದು ಕಂತಿನಲ್ಲಿ ಪುಟ್ಟ ಪಾತ್ರ ಮಾಡಿದ್ರು. ‘ಕಥೆ ತಾನೇ, ಬಿಡಿ’ ಅನ್ನೋರಿಗೆ ನಾನು ಇದನ್ನೇ ತೋರಿಸೋದು.

ಬರೀಫ್ಯಾನ್‌ಫಿಕ್
ಸರ್, ಅದೇ ಉಹುರಾ 2009ರ ಸಿನಿಮಾದಲ್ಲಿ ನೌಕೆಯ ಸಹ ಅಧಿಕಾರಿ ಸ್ಪಾಕ್‌ನ ಪ್ರೇಯಸಿ ಆದಾಗ ಆಗಿನ ಬ್ಲಾಗ್‌ಗಳಲ್ಲಿ ಏನೇನು ಬರೆದ್ರು ಗೊತ್ತಲ್ಲ. ಕೆಲಸದ ಮಧ್ಯೆ ಮುತ್ತು ಕೊಟ್ಟು ವೃತ್ತಿಗೆ ಅವಮಾನ ಮಾಡಿದಳಂತೆ. ಪ್ರೀತಿಸಿದರೆ ಉಹುರಾ ದುರ್ಬಲ ಆಗ್ತಾಳಂತೆ. ಕಪ್ಪು ಹೆಂಗಸರು ಆಗಲೇ ಉತ್ತರ ಕೊಟ್ರು: ಟೀವಿಯಲ್ಲಿ ನಮ್ಮನ್ನ ಯಾರೂ ಪ್ರೀತಿಸಿದ್ದು ತೋರಿಸಿಲ್ಲ, ನಮಗೆ ಆ ಮುತ್ತೇ ದೊಡ್ಡದು.

ರಾತ್ರಿಪಾಳಿ
👆 ಇದು.

ವಾದಪ್ರಿಯ
ಒಂದು ನಿಮಿಷ. ನೀವೆಲ್ಲ ಬಣ್ಣ ಬಣ್ಣ ಅಂತಿದ್ದೀರಿ. ನಾಯಕನ ಹೆಂಡತಿ ಅಂದ್ರೇನೇ ಫ್ಯಾನ್‌ಗಳಿಗೆ ಆಗಲ್ಲ, ಯಾವ ಬಣ್ಣ ಆದ್ರೂ. ‘ಬ್ರೇಕಿಂಗ್ ಬ್ಯಾಡ್’ ಸ್ಕೈಲರ್ ಬಿಳಿಯವಳೇ. ಆ ನಟಿ ಅನಾ ಗನ್ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ತನಗೆ ಬಂದ ದ್ವೇಷದ ಬಗ್ಗೆ ಲೇಖನವೇ ಬರೆದ್ರು. ಇದು ಹೆಣ್ಣಿನ ಮೇಲಿನ ದ್ವೇಷ ಅಷ್ಟೇ.

ತುಂಗಾತೀರ
ಹೆಣ್ಣಿನ ಮೇಲಿನ ದ್ವೇಷ ಇದೆ, ಇಲ್ಲ ಅಂತ ಯಾರೂ ಹೇಳಲಿಲ್ಲ. ಆದ್ರೆ ‘ಫ್ಲ್ಯಾಶ್’ನಲ್ಲಿ ಐರಿಸ್ ಬೇಡ ಅಂದವರು ಬೇಕು ಅಂದದ್ದು ಇನ್ನೊಬ್ಬ ಹೆಣ್ಣನ್ನೇ. ಹೆಣ್ಣೇ ಬೇಡ ಅಂತಿದ್ರೆ ಕೇಟ್ಲಿನ್ ಹೇಗೆ ಬಂದಳು? ಮತ್ತೆ ಬೈಗುಳದ ಜಾತಿಯೇ ಬೇರೆ. 2016ರಲ್ಲಿ ‘ಘೋಸ್ಟ್‌ಬಸ್ಟರ್ಸ್’ ಬಂದಾಗ ನಾಲ್ಕು ಜನ ನಾಯಕಿಯರು. ಸಿನಿಮಾ ಬಗ್ಗೆ ಸಿಟ್ಟು ನಾಲ್ವರ ಮೇಲೂ ಇತ್ತು. ಆದ್ರೆ ಕೋತಿಗೆ ಹೋಲಿಸಿ ಚಿತ್ರ ಕಳಿಸಿದ್ದು ಯಾರಿಗೆ? ಲೆಸ್ಲಿ ಜೋನ್ಸ್‌ಗೆ. ಅವರು ಕೆಲ ದಿನ ಟ್ವಿಟರನ್ನೇ ಬಿಟ್ಟು ಹೋದರು.

ವಾದಪ್ರಿಯ
ಅದು ಸಂಘಟಿತ ಟ್ರೋಲ್‌ಗಳು. ಸಾಮಾನ್ಯ ಅಭಿಮಾನಿ ಅಲ್ಲ.

ಬರೀಫ್ಯಾನ್‌ಫಿಕ್
ಹಾಗಾದ್ರೆ ಸಾಮಾನ್ಯ ಅಭಿಮಾನಿಯ ಬಗ್ಗೇನೇ ಮಾತಾಡೋಣ. ಬೈಗುಳ ಎಲ್ಲರ ಕಣ್ಣಿಗೂ ಬೀಳತ್ತೆ. ಕಡೆಗಣಿಸೋದು ಬೀಳಲ್ಲ, ನನಗೆ ಅದೇ ಜಾಸ್ತಿ ನೋಯಿಸೋದು.

ನಾನು ಇಂಗ್ಲಿಷಿನಲ್ಲಿ ಫ್ಯಾನ್‌ಫಿಕ್ಷನ್, ಅಂದ್ರೆ ಸೀರೀಸ್ ಪಾತ್ರಗಳನ್ನಿಟ್ಟು ಅಭಿಮಾನಿಗಳು ಕಟ್ಟೋ ಕಥೆ, ಬರೀತೀನಿ, ಓದ್ತೀನಿ. ಬಿಬಿಸಿಯ ‘ಮರ್ಲಿನ್’, 2008ರಿಂದ 2012. ಅದರಲ್ಲಿ ಗ್ವೆನ್, ಕಪ್ಪು ನಟಿ ಏಂಜೆಲ್ ಕೋಲ್ಬಿ ಮಾಡಿದ್ದು. ಕಮ್ಮಾರನ ಮಗಳು, ಅರಮನೆಯಲ್ಲಿ ದಾಸಿ, ಕೊನೆಗೆ ರಾಜ ಆರ್ಥರ್‌ನ ರಾಣಿ, ಅವನು ಸತ್ತ ಮೇಲೆ ತಾನೇ ಸಿಂಹಾಸನದ ಮೇಲೆ. ಇಂಥ ಕಥೆ ಯಾವ ಬರಹಗಾರರಿಗೂ ಹಬ್ಬ. ಆದ್ರೆ ಅಭಿಮಾನಿಗಳ ಕಥೆಗಳಲ್ಲಿ ಗ್ವೆನ್ ಏನಾಗಿರ್ತಾಳೆ? ಮಾಂತ್ರಿಕ ಮರ್ಲಿನ್ ಮತ್ತು ಆರ್ಥರ್‌ನ ಜೋಡಿಯಾಗಿ ಸೇರಿಸೋ ಒಳ್ಳೇ ಗೆಳತಿ. ಇಬ್ಬರ ಗೋಳನ್ನೂ ಕೇಳ್ತಾಳೆ, ಬುದ್ಧಿ ಹೇಳ್ತಾಳೆ, ಕಥೆಯಿಂದ ಹೊರಗೆ ಹೋಗ್ತಾಳೆ. ಅವಳಿಗೆ ಆಸೆ ಇಲ್ಲ, ಸಿಟ್ಟಿಲ್ಲ, ರಾತ್ರಿ ನಿದ್ದೆ ಬರದೆ ಹೊರಳಾಡೋದಿಲ್ಲ. ‘ನಾನು ಗ್ವೆನ್‌ನ ಎಷ್ಟು ಗಟ್ಟಿಗಿತ್ತಿಯಾಗಿ ಬರೆದಿದ್ದೀನಿ ನೋಡಿ’ ಅಂತ ಬರೆದವರಿಗೆ ಹೆಮ್ಮೆ ಬೇರೆ. ಗಟ್ಟಿಗಿತ್ತಿ ಅಂದುಬಿಟ್ಟರೆ ಅವಳನ್ನ ಸಮಾಧಾನ ಮಾಡೋ ಕೆಲಸ ಯಾರಿಗೂ ಇರಲ್ಲ.

ಇದರ ಬಗ್ಗೆ ಓದಬೇಕಿದ್ರೆ ಎಬನಿ ಎಲಿಜಬೆತ್ ಥಾಮಸ್ ಅವರ ‘ದ ಡಾರ್ಕ್ ಫೆಂಟಾಸ್ಟಿಕ್’ ಓದಿ, 2019ರದ್ದು. ರೂ, ಗ್ವೆನ್, ‘ವ್ಯಾಂಪೈರ್ ಡೈರೀಸ್’ನ ಕಪ್ಪು ಮಾಟಗಾತಿ ಬಾನಿ ಮೂವರೂ ಅದರಲ್ಲಿದ್ದಾರೆ. ನಮ್ಮ ದೇಶದವರೇ ಆದ ರುಕ್ಮಿಣಿ ಪಾಂಡೆ ಇನ್ನೂ ಮೊದಲೇ, 2018ರಲ್ಲಿ, ಫ್ಯಾನ್ ಸಮುದಾಯ ಮತ್ತು ಜನಾಂಗದ ಬಗ್ಗೆ ಪೂರ್ತಿ ಪುಸ್ತಕ ಬರೆದಿದ್ದಾರೆ. ಫ್ಯಾನ್ ಲೋಕ ಎಲ್ಲರಿಗೂ ಆಸರೆ ಅನ್ನೋ ನಂಬಿಕೆ ಬಿಳಿಯರಲ್ಲದವರ ಪಾಲಿಗೆ ಎಷ್ಟು ನಿಜ ಅಂತ ಕೇಳೋ ಪುಸ್ತಕ.

ಕರಾವಳಿಯವಳು
ಬಾನಿ ಹೆಸರು ಕೇಳಿ ನೆನಪಾಯ್ತು. ಗೆಳೆಯರನ್ನು ಬದುಕಿಸಲಿಕ್ಕೆ ಅವಳು ಎಷ್ಟು ಸಲ ಸತ್ತಳು ಅಂತ! ಅವಳ ಮೂಗಿನಿಂದ ರಕ್ತ ಬಂದರೆ ಯಾರಿಗೂ ಏನೂ ಇಲ್ಲ, ನಾಯಕಿ ಎಲೆನಾಳ ಕಣ್ಣಲ್ಲಿ ನೀರು ಬಂದರೆ ಊರಿಗೆ ಊರೇ ಓಡುತ್ತದೆ.

ನ್ಯೂಜೆರ್ಸಿಅಮ್ಮ
‘ಲಿಟಲ್ ಮರ್ಮೇಡ್’ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. 2019ರಲ್ಲಿ ನಾಯಕಿ ಏರಿಯಲ್ ಪಾತ್ರಕ್ಕೆ ಕಪ್ಪು ನಟಿ ಹ್ಯಾಲಿ ಬೇಲಿ ಹೆಸರು ಹೊರಬಿದ್ದ ದಿನದಿಂದ 2023ರಲ್ಲಿ ಸಿನಿಮಾ ಬರೋವರೆಗೂ ಗಲಾಟೆ. ಡ್ಯಾನಿಶ್ ಕಥೆ, ಬಿಳಿ ಹುಡುಗೀನೇ ಆಗಬೇಕು ಅಂದ್ರು. ಸಮುದ್ರದಾಳಕ್ಕೆ ಬಿಸಿಲು ಬೀಳಲ್ಲ, ಹಾಗಾಗಿ ಮತ್ಸ್ಯಕನ್ಯೆ ಕಪ್ಪಗಿರೋಕೆ ಆಗಲ್ಲ ಅಂತ ವಿಜ್ಞಾನ ಹೇಳಿದವರೂ ಇದ್ದರು. ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲೂ ಅದೇ ಮಾತು ಬಂತು, ನಾನು ಜಗಳ ಆಡಿದೆ.

ನಾನು ಅಲ್ಲಿ ಕೇಳಿದ್ದು ಇಷ್ಟೇ. 1989ರ ಕಾರ್ಟೂನಿನಲ್ಲಿ ಸೆಬಾಸ್ಟಿಯನ್ ಏಡಿ ಮಾತಾಡೋದು ಕೆರಿಬಿಯನ್ ಧಾಟಿಯಲ್ಲಿ. ದನಿ ಕೊಟ್ಟ ಸ್ಯಾಮ್ಯುಯೆಲ್ ರೈಟ್ ಕಪ್ಪು ಕಲಾವಿದ. ಅವನು ಹಾಡೋ ಆ ಕ್ಯಾಲಿಪ್ಸೊ ಧಾಟಿಯ ಹಾಡಿಗೇ ಆಸ್ಕರ್ ಬಂದಿದ್ದು. ಮೂವತ್ತು ವರ್ಷ ಅದಕ್ಕೆ ಕುಣಿದ್ರಲ್ಲ, ಡೆನ್ಮಾರ್ಕ್ ಸಮುದ್ರದಲ್ಲಿ ಕೆರಿಬಿಯನ್ ಸಂಗೀತ ಹೇಗೆ ಬಂತು ಅಂತ ಒಬ್ಬರಾದ್ರೂ ಕೇಳಿದ್ರಾ? ಕಪ್ಪು ಜನರ ದನಿ ಬೇಕು, ತಾಳ ಬೇಕು, ಮುಖ ಮಾತ್ರ ಬೇಡ.

ಧಾರವಾಡಮಂದಿ
ಅಕ್ಕಾರ, ಏಡಿ ಮಾತು ಮಸ್ತ್ ಹೇಳಿದ್ರಿ. ಇದನ್ನ ನಾ ಯೋಚನೇನ ಮಾಡಿದ್ದಿಲ್ಲ.

ವಾದಪ್ರಿಯ
ಡಿಸ್ನಿಗೆ ಬೇಕಿರೋದು ದುಡ್ಡು. ಹಳೇ ಕಥೆಗೆ ಬಣ್ಣ ಬಳಿದು ಮಾರ್ತಾರೆ. ನಿಜವಾಗಿ ಕಾಳಜಿ ಇದ್ರೆ ಹೊಸ ಪಾತ್ರ ಬರೀಲಿ, ಯಾರೂ ಬೈಯಲ್ಲ.

ತುಂಗಾತೀರ
ಮೊದಲ ಅರ್ಧ ಒಪ್ಪಿದೆ. 2009ರಲ್ಲಿ ಡಿಸ್ನಿ ಮೊದಲ ಕಪ್ಪು ರಾಜಕುಮಾರಿ ಅಂತ ಟಿಯಾನಾನ ತಂದು ಸಿನಿಮಾದ ಬಹುಪಾಲು ಕಪ್ಪೆ ಮಾಡಿ ಕೂರಿಸಿದ್ರು. ಆ ಸಿಟ್ಟು ನನಗೂ ಇದೆ.

ಎರಡನೇ ಅರ್ಧ ಸುಳ್ಳು. 2022ರ ‘ಸ್ಟಾರ್ ವಾರ್ಸ್’ ಸೀರೀಸ್ ‘ಓಬಿ-ವಾನ್ ಕೆನೋಬಿ’ಯ ರೀವಾ ಹೊಚ್ಚ ಹೊಸ ಪಾತ್ರ. ಯಾವ ಕಾಮಿಕ್ಸಿನ ಯಾವ ಬಿಳಿ ಹುಡುಗಿಯ ಜಾಗನೂ ಕಿತ್ತುಕೊಂಡಿರಲಿಲ್ಲ. ಆ ಪಾತ್ರ ಮಾಡಿದ ಕಪ್ಪು ನಟಿ ಮೋಸೆಸ್ ಇಂಗ್ರಮ್‌ಗೆ ಬಂದ ಮೆಸೇಜುಗಳನ್ನ ಅವರೇ ತೋರಿಸಿದ್ರು, ಓದೋಕಾಗಲ್ಲ. ಹೀಗೆ ಆಗಬಹುದು ಅಂತ ಸ್ಟುಡಿಯೋದವರು ಮೊದಲೇ ಹೇಳಿಟ್ಟಿದ್ರಂತೆ! ಮಳೆ ಬರಬಹುದು, ಕೊಡೆ ಇಟ್ಟುಕೊಳ್ಳಿ ಅನ್ನೋ ಹಾಗೆ. ಆದ್ರೆ ಅಭಿಮಾನಿಗಳ ಬೈಗುಳ ಆಕಾಶದಿಂದ ಬೀಳೋದಲ್ಲ, ಮನುಷ್ಯರು ಕೂತು ಟೈಪ್ ಮಾಡೋದು. ಕೊನೇ ಪಕ್ಷ ಆ ಸಲ ನಾಯಕ ನಟ ಇವಾನ್ ಮೆಕ್‌ಗ್ರೆಗರ್ ವಿಡಿಯೋ ಮಾಡಿ ಖಂಡಿಸಿದ್ರು. ಪ್ಯಾಟನ್‌ಗೆ ಚಾನೆಲ್‌ನವರಿಂದ ಅಂಥ ಬೆಂಬಲ ಸಿಗಲಿಲ್ಲವಂತೆ.

2024ರ ಇನ್ನೊಂದು ‘ಸ್ಟಾರ್ ವಾರ್ಸ್’ ಸೀರೀಸ್ ‘ಆ್ಯಕೊಲೈಟ್’ ಕೂಡ ಹೊಸ ಕಥೆಯೇ. ನಾಯಕಿ ಯಾರು? ರೂ ಮಾಡಿದ್ದ ಅದೇ ಅಮಾಂಡ್ಲಾ ಸ್ಟೆನ್‌ಬರ್ಗ್. ಹನ್ನೆರಡು ವರ್ಷ ಬಿಟ್ಟು ಮತ್ತೆ ಅದೇ ಬೈಗುಳ.

ವಾದಪ್ರಿಯ
‘ಆ್ಯಕೊಲೈಟ್’ ಬರವಣಿಗೆ ನಿಜವಾಗ್ಲೂ ಕಳಪೆ ಇತ್ತು. ಇದನ್ನ ಹೇಳೋ ಹಕ್ಕೂ ಇಲ್ವಾ ನಮಗೆ?

ಮೈಸೂರ್‌ಮಲ್ಲಿಗೆ
ಇದೆ. ಬರವಣಿಗೆಗೆ ಬೈಯಿರಿ, ಬರೆದವರಿಗೆ ಬೈಯಿರಿ. ಸಂಭಾಷಣೆ ಕಳಪೆ ಅಂತ ನಟಿಯ ಇನ್‌ಸ್ಟಾಗ್ರಾಮಿಗೆ ಹೋಗಿ ಕೂದಲಿನ ಬಗ್ಗೆ ಬರೆಯೋದು ವಿಮರ್ಶೆ ಅಲ್ಲ.

ಲಂಡನ್‌ಚಳಿ
ರಂಗಭೂಮಿಯಲ್ಲೂ ಇದೇ. 2024ರಲ್ಲಿ ಇಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ಗೆ ಟಾಮ್ ಹಾಲಂಡ್ ಜೊತೆ ಕಪ್ಪು ನಟಿ ಫ್ರಾನ್ಸೆಸ್ಕಾ ಅಮೆವುಡಾ-ರಿವರ್ಸ್ ಅಂತ ಘೋಷಣೆ ಆಯ್ತು. ನಾಟಕ ಶುರುವಾಗಿಲ್ಲ, ಒಂದು ಸಾಲು ಸಂಭಾಷಣೆ ಯಾರೂ ಕೇಳಿಲ್ಲ. ಬರೀ ಫೋಟೋ ನೋಡಿ ‘ಜೂಲಿಯೆಟ್ ಚೆಲುವೆ ಆಗಿರಬೇಕು’ ಅಂತ ಶುರು. ಎಂಟುನೂರಕ್ಕೂ ಹೆಚ್ಚು ಕಪ್ಪು ನಟನಟಿಯರು ಸಹಿ ಹಾಕಿ ಅವರ ಬೆಂಬಲಕ್ಕೆ ಬಹಿರಂಗ ಪತ್ರ ಬರೆದ್ರು. ಬರವಣಿಗೆ ಕಳಪೆ ಅನ್ನೋ ನೆಪ ಶೇಕ್ಸ್‌ಪಿಯರ್ ಮೇಲೆ ಹೊರಿಸೋಕಂತೂ ಆಗಲ್ಲ.

ರಾತ್ರಿಪಾಳಿ
ಚೆಲುವೆ ಅಂತ ಯಾರನ್ನ ಕರೀಬೇಕು ಅನ್ನೋದೇ ಇಡೀ ಜಗಳದ ಬುಡ ಅನ್ಸತ್ತೆ. ಐರಿಸ್, ಜೂಲಿಯೆಟ್, ಏರಿಯಲ್, ಎಲ್ಲ ‘ಪ್ರೀತಿಗೆ ಪಾತ್ರಳಾದವಳು’. ಕಪ್ಪು ನಟಿ ಪೊಲೀಸ್ ಆಫೀಸರೋ ಜಡ್ಜೋ ಆದ್ರೆ ಇಷ್ಟು ಗಲಾಟೆ ಇಲ್ಲ. ನಾಯಕ ಅವಳಿಗಾಗಿ ಹಂಬಲಿಸಿದ ಕೂಡ್ಲೇ ಉರಿ.

ಯಲ್ಲಾಪುರದವಳು
ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಸಿದ್ದಿ ಸಮುದಾಯದವಳು, ಬೆಂಗಳೂರಲ್ಲಿ ಕೆಲಸ. ನೀವೆಲ್ಲ ಅಮೆರಿಕದ ಫ್ಯಾನ್‌ಗಳ ಬಗ್ಗೆ ಬರೀತಿದ್ದೀರಿ, ಒಳ್ಳೇದೇ. ಆದ್ರೆ ಹ್ಯಾಲಿ ಬೇಲಿ ಫೋಟೋ ಕೆಳಗೆ ಕನ್ನಡದಲ್ಲಿ ಬಂದ ಕಾಮೆಂಟುಗಳನ್ನೂ ನಾನು ಓದಿದ್ದೀನಿ. ಅದೇ ಮಾತು ನನಗೆ ಬಸ್ಸಿನಲ್ಲಿ ಬರತ್ತೆ.

ನಮ್ಮ ಹಿರಿಯರು ಪೋರ್ಚುಗೀಸರ ಕಾಲದಲ್ಲೂ ಅದಕ್ಕೂ ಮುಂಚೆಯೂ ಆಫ್ರಿಕಾದಿಂದ ಬಂದವರು, ನಾವು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಿನ ಅಂಚಿನಲ್ಲಿ ನೂರಾರು ವರ್ಷದಿಂದ ಇರೋರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ವಿ. ನಾನು ಮಾತಾಡೋದು ಕನ್ನಡ. ಆದ್ರೂ ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದ್ರೆ ಪಾಸ್‌ಪೋರ್ಟ್ ಕೇಳಿದ್ರು. ಕನ್ನಡದಲ್ಲೇ ಉತ್ತರ ಕೊಟ್ಟೆ, ಆಶ್ಚರ್ಯಪಟ್ಟು ಮನೆಯವರನ್ನೆಲ್ಲ ಕರೆದು ತೋರಿಸಿದ್ರು. ಮನೆ ಕೊಡಲಿಲ್ಲ.

ಸಿನಿಮಾದಲ್ಲಿ ನಮ್ಮ ಗಂಡಸರಿಗಾದ್ರೂ ರೌಡಿ ಗುಂಪಿನಲ್ಲಿ ನಿಲ್ಲೋ ಪಾತ್ರ ಸಿಗತ್ತೆ. ಹೆಂಗಸರಿಗೆ? ಕುಣಿತದ ದೃಶ್ಯ ಬಿಟ್ಟರೆ ಏನಿದೆ? ಗಿರಿಜಾ ಸಿದ್ದಿ ಅವರ ಹಾಡು, ನಾಟಕ ನೋಡಿದವರಿಗೆ ಗೊತ್ತು ನಮ್ಮಲ್ಲಿ ಎಂಥ ಕಲಾವಿದೆಯರು ಇದ್ದಾರೆ ಅಂತ. ಕನ್ನಡ ಸಿನಿಮಾದಲ್ಲಿ ಒಬ್ಬ ಸಿದ್ದಿ ಹುಡುಗಿಗೆ ನಾಯಕ ಕಾಗದ ಬರೆಯೋ ದೃಶ್ಯ ನನಗೆ ನೋಡಬೇಕು.

ನ್ಯೂಜೆರ್ಸಿಅಮ್ಮ
ಓದಿ ಮನಸ್ಸು ಕಲಕಿತು. 2016ರಲ್ಲಿ ಬೆಂಗಳೂರಿನ ಹೆಸರಘಟ್ಟ ಕಡೆ ಟಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡಿತ್ತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ, ಬಣ್ಣ ಒಂದೇ ಅಂತ. ಅವಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ತೆರೆ ಮೇಲೆ ಆಫ್ರಿಕನ್ ಅಂದ್ರೆ ಡ್ರಗ್ಸ್ ಮಾರೋನು ಅಂತ ತೋರಿಸ್ತಾನೇ ಬಂದ್ರೆ ಬೀದಿಯಲ್ಲಿ ಏನಾಗತ್ತೆ?

ವಾದಪ್ರಿಯ
ಸಿನಿಮಾದಿಂದಲೇ ಹಲ್ಲೆ ಆಯ್ತು ಅಂತ ಹೇಳೋದು ಅತಿ ಆಯ್ತು. ಆದ್ರೆ @ಯಲ್ಲಾಪುರದವಳು, ನಿಮ್ಮ ಅನುಭವಕ್ಕೆ ಎದುರು ಮಾತಿಲ್ಲ. ಮನೆ ವಿಷಯ ಕೇಳಿ ನಾಚಿಕೆ ಆಯ್ತು.

ಯಲ್ಲಾಪುರದವಳು
ನಿಮ್ಮ ನಾಚಿಕೆ ನನಗೆ ಬೇಡ ಅಣ್ಣ. ನಿಮ್ಮ ಸ್ನೇಹಿತರ ಗುಂಪಿನಲ್ಲಿ ಯಾರಾದ್ರೂ ಕಪ್ಪು ಬಣ್ಣ ಗೇಲಿ ಮಾಡೋ ಫೋಟೋ ಹಾಕಿದಾಗ ‘ತೆಗಿ’ ಅನ್ನಿ, ಅದು ಬೇಕು.

ಕರಾವಳಿಯವಳು
ಸರಿಯಾದ ಮಾತು. ನಮ್ಮಲ್ಲಿ ಕಪ್ಪು ಹುಡುಗಿಯ ಪಾತ್ರ ಇದ್ದರೂ ಬಿಳಿ ನಟಿಗೆ ಮೇಕಪ್ ಬಳಿದು ನಿಲ್ಲಿಸುತ್ತಾರೆ. ಹಾಲಿವುಡ್‌ನಲ್ಲೂ ಆಗಿದೆ. ಕಪ್ಪು ಗಾಯಕಿ ನೀನಾ ಸಿಮೋನ್ ಜೀವನದ ಸಿನಿಮಾಗೆ ತಿಳಿಬಣ್ಣದ ಜೋಯಿ ಸಲ್ಡಾನಾಗೆ ಕಪ್ಪು ಬಳಿದು ಕೃತಕ ಮೂಗು ಅಂಟಿಸಿದರು. 2020ರಲ್ಲಿ ಅವರು ಅದಕ್ಕೆ ಕ್ಷಮೆ ಕೇಳಿದರು. ಇಲ್ಲಿ ಯಾರಾದರೂ ಕೇಳಿದ್ದಾರಾ?

ಹಳೇಕಾಮಿಕ್ಸ್
ನನ್ನ ನಿಲುವು ಪೂರ್ತಿ ಬದಲಾಗಿಲ್ಲ, ಪಾತ್ರದ ಮೂಲ ರೂಪ ಮುಖ್ಯ ಅಂತ ಈಗಲೂ ಅಂತೀನಿ. ಆದ್ರೆ ಪ್ರಶ್ನೆ ಇದೆ. ಒಳ್ಳೇದಾಗಿ ಬರೆದಿರೋದು ಯಾವುದು? ಇಷ್ಟೆಲ್ಲ ಓದಿದ ಮೇಲೆ ಒಂದಾದ್ರೂ ನೋಡಬೇಕು ಅನ್ನಿಸ್ತಿದೆ.

ರಾತ್ರಿಪಾಳಿ
‘ಇನ್‌ಸೆಕ್ಯೂರ್’. ಇಸಾ ರೇ ಅವರದ್ದು, 2016ರಿಂದ 2021. ತಪ್ಪು ಮಾಡೋ, ಗೊಂದಲದಲ್ಲಿರೋ, ಪ್ರೀತಿಸೋ ಸಾಮಾನ್ಯ ಹುಡುಗಿಯರು.

ಮೈಸೂರ್‌ಮಲ್ಲಿಗೆ
ವಯೋಲಾ ಡೇವಿಸ್ ಅವರ ‘ಹೌ ಟು ಗೆಟ್ ಅವೇ ವಿತ್ ಮರ್ಡರ್’. ಮೊದಲ ಸೀಸನ್‌ನಲ್ಲಿ ಕನ್ನಡಿ ಮುಂದೆ ಕೂತು ವಿಗ್ ತೆಗೆದು, ರೆಪ್ಪೆ ತೆಗೆದು, ಮೇಕಪ್ ಒರೆಸೋ ದೃಶ್ಯ ಇದೆ. ಅದನ್ನ ನೋಡಿ. ಡ್ರಾಮಾ ಸೀರೀಸ್ ವಿಭಾಗದಲ್ಲಿ ಮುಖ್ಯ ನಟಿಗೆ ಕೊಡೋ ಎಮ್ಮಿ ಟೀವಿ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಮಹಿಳೆ ಅವರು, 2015ರಲ್ಲಿ.

ಬರೀಫ್ಯಾನ್‌ಫಿಕ್
‘ಡಾಕ್ಟರ್ ಹೂ’ ಮಾರ್ತಾ ಜೋನ್ಸ್! ಕಾಲದಲ್ಲಿ ಹಿಂದೆ ಮುಂದೆ ಓಡಾಡೋ ಡಾಕ್ಟರ್‌ನ ಜೊತೆಗಾತಿ, ಮಾಡಿದ್ದು ಫ್ರೀಮಾ ಅಗ್ಯೆಮನ್. ಮೊದಲಿನ ಜೊತೆಗಾತಿ ರೋಸ್ ನಂತರ ಬಂದವಳು ಅಂತ ಫ್ಯಾನ್‌ಗಳು ಅವಳನ್ನ ಒಪ್ಪಲೇ ಇಲ್ಲ. ಡಾಕ್ಟರ್ ತನ್ನ ನೆನಪೇ ಅಳಿಸಿಕೊಂಡು 1913ರ ಶಾಲೆಯಲ್ಲಿ ಮೇಷ್ಟ್ರಾಗಿ ಅಡಗಿರ್ತಾನೆ. ವೈದ್ಯಕೀಯ ಓದುತ್ತಿರೋ ಮಾರ್ತಾ ಅವನನ್ನ ಕಾಯೋಕೆ ಅಲ್ಲೇ ಕೆಲಸದಾಳಾಗಿ ನೆಲ ಒರೆಸ್ತಾಳೆ, ಹುಡುಗರ ಹತ್ರ ಬಣ್ಣದ ಮಾತು ಕೇಳಿಸಿಕೊಳ್ತಾಳೆ. ಕೊನೆಗೆ ಇಡೀ ಭೂಮಿಯನ್ನ ಒಂದು ವರ್ಷ ನಡೆದು ಉಳಿಸ್ತಾಳೆ. ಆಮೇಲೆ, ನನ್ನನ್ನ ಪ್ರೀತಿಸದವನ ಹಿಂದೆ ಇರಲ್ಲ ಅಂತ ತಾನೇ ಬಿಟ್ಟು ಹೋಗ್ತಾಳೆ.

ಹಳೇಕಾಮಿಕ್ಸ್
ಯಾವ ಸೀಸನ್?

ಬರೀಫ್ಯಾನ್‌ಫಿಕ್
ಮೂರು, 2007ರದ್ದು. ಕೆಳಗಿನ ಕಾಮೆಂಟ್ ಓದೋ ಮೊದಲು ಪೂರ್ತಿ ನೋಡಿ ಮುಗಿಸಿ. ಆಮೇಲೆ ಇಲ್ಲೇ ಬಂದು ಜಗಳ ಆಡೋಣ.